ಜುಲೈಕಕ್ಕನ ಉಪ್ಪಡ್ ವೈಪ್ಸ್

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ‘ಪ’ ಮತ್ತು ‘ವ’ ನನ್ನ ಕೈಯಲ್ಲಿ ಒಂದೇ ರೀತಿ ಬರುತ್ತವೆ. ಆದ್ದರಿಂದ ಸಂಚಿಕೆಯನ್ನು ಟೈಪ್ ಮಾಡುವವರು ‘ವೈಪ್’ ಎಂಬ ಶಬ್ದ ಬಂದಲ್ಲೆಲ್ಲ ದಯವಿಟ್ಟು ಎರಡು ಸಲ ನೋಡಬೇಕು. ಅದು ತುಂಬ ಸಲ ಬರುತ್ತದೆ. ನನ್ನ ಹತ್ತಿರ ಶಬ್ದಗಳೂ ಹೆಚ್ಚಿಲ್ಲ. ಪಿಯುಸಿ ಮೊದಲ ವರ್ಷದಲ್ಲಿ, ತರಗತಿಯ ಎದುರು ನಿಂತು ಐದು ನಿಮಿಷ ಮಾತಾಡಬೇಕು ಎಂದು ಹೇಳಿದ ದಿನ ನಾನು ಮನೆಗೆ ಬಂದವಳು ಮತ್ತೆ ಕಾಲೇಜಿಗೆ ಹೋಗಲಿಲ್ಲ. ನಮ್ಮ ಸ್ವಸಹಾಯ ಸಂಘದ ಹತ್ತನೇ ವರ್ಷದ ಸಂಚಿಕೆಗೆ ಸದಸ್ಯೆಯೊಬ್ಬರ ಪರಿಚಯ ಬರೆದುಕೊಡು ಎಂದಾಗ, ಬೇಡ ಎನ್ನಲು ನಾಚಿಕೆಯಾಗಿ ಹೂಂ ಎಂದೆ.

ಇನ್ನೊಂದು ಮಾತು. ಇದರಲ್ಲಿ ಬರುವ ಮಾತುಕತೆ ಹೆಚ್ಚಿನದೂ ತುಳುವಿನಲ್ಲಿ ಆದದ್ದು. ನಾನು ಕನ್ನಡಕ್ಕೆ ತಂದು ಬರೆದಿದ್ದೇನೆ. ಒಂದು ಶಬ್ದವನ್ನು ಮಾತ್ರ ತರಲಿಕ್ಕೆ ಆಗಲಿಲ್ಲ. ಅದು ಬಂದಾಗ ಹೇಳುತ್ತೇನೆ.

ಜುಲೈಕಕ್ಕನಿಗೆ ಐವತ್ತೊಂದು ವರ್ಷ. ಪುಂಜಾಲಕಟ್ಟೆ ಪೇಟೆಯಿಂದ ಬೆಳ್ತಂಗಡಿಯ ಕಡೆಗೆ ಹೋಗುವಾಗ ಎಡಬದಿಗೆ ಹಸಿರು ಗೇಟಿನ ಮನೆ. ಹುಟ್ಟಿದ್ದು ಬಂಟ್ವಾಳದಲ್ಲಿ, ಹತ್ತೊಂಬತ್ತನೇ ವರ್ಷಕ್ಕೆ ಮದುವೆಯಾಗಿ ಇಲ್ಲಿಗೆ ಬಂದರು. ಗಂಡ ಸುಲೈಮಾನಾಕನಿಗೆ ಪೇಟೆಯಲ್ಲಿ ಕೊಡೆ ಮತ್ತು ಚಪ್ಪಲಿಯ ಅಂಗಡಿ ಇದೆ. ಜುಲೈಕಕ್ಕ ಮಾಡುವುದು ಅಕ್ಕಿಯ ಒಣ ರೊಟ್ಟಿ, ಕೋಳಿ ಸಾರಿಗೆ ಮುರಿದು ಹಾಕುವಂಥದ್ದು. ಬಿ.ಸಿ.ರೋಡಿನ ನಾಲ್ಕು ಅಂಗಡಿಗಳಿಗೆ ಅವರ ರೊಟ್ಟಿಯೇ ಹೋಗುತ್ತದೆ. ನಾನು ಎರಡು ವರ್ಷದಿಂದ ಅವರಲ್ಲಿ ಕೆಲಸಕ್ಕೆ ಹೋಗುತ್ತಿದ್ದೇನೆ.

ಅವರು ಪ್ರತಿ ಕಟ್ಟಿನಿಂದ ಒಂದು ರೊಟ್ಟಿ ತೆಗೆದು ಕಿವಿಯ ಹತ್ತಿರ ಹಿಡಿದು ಮುರಿಯುತ್ತಾರೆ. ಸದ್ದು ಸರಿಯಾಗದಿದ್ದರೆ ಇಡೀ ಕಟ್ಟು ಕೋಳಿಗಳಿಗೆ. ಹಾಗಾಗಿ ಅವರ ಕೋಳಿಗಳು ಓಡುವುದಿಲ್ಲ, ನಡೆಯುತ್ತವೆ. ಕೆಲಸಕ್ಕೆ ಸೇರಿದ ಮೊದಲ ದಿನ ಅವರು ನನಗೆ ಹೇಳಿದ್ದು ಇಷ್ಟೆ: “ನೋಡು ರಮ್ಯಶ್ರೀ, ಸಾರು ಬೀಳುವವರೆಗೆ ರೊಟ್ಟಿ ಗಟ್ಟಿ ಇರ್ಬೇಕು. ಸಾರು ಬಿದ್ದ ಮೇಲೆ ಹಠ ಮಾಡ್ಲಿಕ್ಕಿಲ್ಲ.” ಅದನ್ನು ನಾನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ. ಮುಂದೆ ಅದು ಬೇರೆ ಕೆಲಸಕ್ಕೆ ಬರುತ್ತದೆಂದು ಗೊತ್ತಿರಲಿಲ್ಲ.

ಅವರ ಮಗ ಫಾಝಿಲ್ ದುಬೈಯಲ್ಲಿದ್ದಾನೆ. ಸೊಸೆ ಜಸ್ನಾಳ ತವರು ಮೂಡುಬಿದಿರೆ. ಮೊಮ್ಮಗಳು ಮಿನ್ಹಾ. ಹೋದ ವರ್ಷ ಜುಲೈಯಲ್ಲಿ ಅವರು ಒಂದೂವರೆ ತಿಂಗಳ ರಜೆಗೆ ಬಂದಾಗ ಮಿನ್ಹಾಳಿಗೆ ನಾಲ್ಕು ವರ್ಷ. ಅವಳು ಬರುವಳೆಂದು ಜುಲೈಕಕ್ಕ ಹೊಸ ಚಾಪೆ, ಹೊಸ ಸೊಳ್ಳೆಪರದೆ, ಬಾತುಕೋಳಿಯ ಚಿತ್ರವಿದ್ದ ದಿಂಬು ಎಲ್ಲ ತಂದಿಟ್ಟಿದ್ದರು. ಆ ದಿಂಬಿನ ಮೇಲೆ ಮಿನ್ಹಾ ಮಲಗಿದ್ದು ಒಂದು ರಾತ್ರಿ ಮಾತ್ರ.

ಆದದ್ದೇನೆಂದರೆ, ಮಿನ್ಹಾಳಿಗೆ ಅಲ್ಲಿಯ ಶಾಲೆಯಲ್ಲಿ ವೆಟ್ ವೈಪ್ಸ್ ಅಭ್ಯಾಸ ಮಾಡಿಸಿದ್ದರು. ನಮ್ಮಲ್ಲಿ ನೀರು ಹಾಕಿ ತೊಳೆಯುತ್ತೇವೆ, ಅವಳು ಒದ್ದೆ ಹಾಳೆಯಿಂದ ಒರೆಸಿಕೊಳ್ಳುತ್ತಾಳೆ. ಅದೂ ಪರವಾಗಿರಲಿಲ್ಲ. ಒರೆಸಿದ್ದನ್ನು ಕಮೋಡಿಗೆ ಹಾಕಿ, ಫ್ಲಶ್ ಒತ್ತಿ, ಅದಕ್ಕೆ “ಟಾಟಾ ವೈಪಿ” ಎಂದು ಕೈ ಬೀಸಿದ ಮೇಲೆಯೇ ಅವಳ ಕೆಲಸ ಮುಗಿದ ಹಾಗೆ. ಮುಚ್ಚಳದ ಬಕೆಟ್ ಇಟ್ಟು ಅದರಲ್ಲಿ ಹಾಕೆಂದರೆ, ಪಾಪ ಅದಕ್ಕೆ ಮನೆಗೆ ಹೋಗಬೇಕು ಎಂದು ಬಕೆಟ್ಟಿನಿಂದ ತೆಗೆದು ಫ್ಲಶ್ ಮಾಡಿದಳು. ಪ್ಯಾಕೆಟ್ಟಿನ ಮೇಲೆ ಫ್ಲಶ್ ಮಾಡಬಹುದು ಎಂದು ಬರೆದೂ ಇತ್ತು, ಕಮೋಡಿನ ಚಿತ್ರವೂ ಇತ್ತು.

ಎರಡನೇ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಕಕ್ಕಸು ಕಟ್ಟಿತು. ಹೊಂಡದ ನೀರು ಹಿಂದೆ ಬಂತು. ಅದರ ವಿವರ ಸಂಚಿಕೆಗೆ ಬೇಡ.

ಲಾಯಿಲದಿಂದ ಶೇಖರಣ್ಣ ಬಂದ. ಹೊಂಡದಿಂದ ಗಲೀಜು ಹೀರುವ ಹಳದಿ ಲಾರಿ ಈ ಭಾಗದಲ್ಲಿ ಅವನೊಬ್ಬನ ಹತ್ತಿರ ಇರುವುದು. ಪೈಪು ಇಳಿಸಿ ಮೋಟಾರು ಹಾಕಿದ. ಮೋಟಾರು ಒಂದು ಸಲ ಕೆಮ್ಮಿ ನಿಂತುಹೋಯಿತು. ಅವನು ಕೊಕ್ಕೆ ಹಾಕಿ ಎಳೆಯತೊಡಗಿದ. ಮಿನ್ಹಾಳ ವೈಪಿಗಳು ಮನೆಗೆ ಹೋಗಿರಲಿಲ್ಲ. ಒಂದಕ್ಕೊಂದು ಸುತ್ತಿಕೊಂಡು ಹಗ್ಗವಾಗಿ ಅಲ್ಲೇ ಕೂತಿದ್ದವು. ಶೇಖರಣ್ಣ ಅದನ್ನು ಅಂಗಳದಲ್ಲಿ ಉದ್ದಕ್ಕೆ ಹಾಸಿ ಮೊಳ ಹಾಕಿದ.

“ಆರೂವರೆ ಮೊಳ ಉಂಟು. ಯಾರದ್ದಕ್ಕಾ ಈ ಸೀರೆ?”

“ಮಗುವಿನದ್ದು ಮಾರಾಯ,” ಎಂದರು ಜುಲೈಕಕ್ಕ. “ಪ್ಯಾಕೆಟಲ್ಲಿ ಹಾಕಬಹುದು ಅಂತ ಬರ್ದಿದ್ದಾರೆ.”

“ಪ್ಯಾಕೆಟಿಗೆ ನಿಮ್ಮ ಹೊಂಡದ ಪರಿಚಯ ಉಂಟಾ? ನನ್ನ ಮೋಟಾರು ನೋಡಿ. ಇನ್ನೊಮ್ಮೆ ಈ ಬಟ್ಟೆ ಸಿಕ್ಕಿದ್ರೆ ನಾನು ಈ ಗೇಟಿಗೆ ಬರುವುದಿಲ್ಲ. ದೇವರಾಣೆ ಬರುವುದಿಲ್ಲ.”

ಜಸ್ನಾ ಜಗಳ ಮಾಡಲಿಲ್ಲ. ಅವಳು ಒಳ್ಳೆಯವಳು. “ಮಾಮಿ, ನನಗೆ ಸಿಟ್ಟಿಲ್ಲ. ಕಕ್ಕಸು ಇಲ್ಲದೆ ಮಗುವನ್ನು ಹೇಗೆ ಇಟ್ಟುಕೊಳ್ಳುವುದು?” ಎಂದು ಬ್ಯಾಗು ಕಟ್ಟಿ ಮಗುವನ್ನು ಕರೆದುಕೊಂಡು ಮೂಡುಬಿದಿರೆಗೆ ಹೋದಳು. ಅವಳ ತವರಿನಲ್ಲಿ ಹೊಂಡ ಇಲ್ಲ, ಪೇಟೆಯ ಒಳಚರಂಡಿಯ ದೊಡ್ಡ ಪೈಪಿನ ಸಂಪರ್ಕ ಇದೆ. ರಜೆ ಮುಗಿಯುವವರೆಗೂ ಅಲ್ಲೇ ಇದ್ದರು. ಜುಲೈಕಕ್ಕ ಮೊಮ್ಮಗಳನ್ನು ನೋಡಲು ಬಸ್ಸಿನಲ್ಲಿ ಮೂಡುಬಿದಿರೆಗೆ ಹೋಗಿ ಸಂಜೆ ತಿರುಗಿ ಬರುತ್ತಿದ್ದರು. ಬಾತುಕೋಳಿಯ ದಿಂಬನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿಟ್ಟರು.

ಜನವರಿಯಲ್ಲಿ ಫಾಝಿಲ್ ಫೋನು ಮಾಡಿ, ಈ ಜುಲೈಗೂ ಬರುತ್ತೇವೆ, ಆದರೆ ಜಸ್ನಾ ಮೊದಲೇ ಮೂಡುಬಿದಿರೆಗೆ ಹೋಗುವ ಎನ್ನುತ್ತಿದ್ದಾಳೆ ಎಂದ. ಜುಲೈಕಕ್ಕ ಫೋನು ಇಟ್ಟು ಕಾವಲಿಯ ಮೇಲಿದ್ದ ರೊಟ್ಟಿಯನ್ನು ನೋಡುತ್ತ ನಿಂತರು. ರೊಟ್ಟಿ ಕಪ್ಪಾಯಿತು. ಅವರು ರೊಟ್ಟಿ ಕರಟಲು ಬಿಟ್ಟದ್ದನ್ನು ನಾನು ಅದೊಂದೇ ಸಲ ಕಂಡದ್ದು.

“ರಮ್ಯಶ್ರೀ, ಆ ಒದ್ದೆ ಹಾಳೆ ನಾವೇ ಮಾಡುವ. ನೀರಿಗೆ ಬಿದ್ದರೆ ಕರಗುವಂಥದ್ದು.”

ಕರಗುವಂಥದ್ದು ಮಾಡುವುದು ಕಷ್ಟವಾಗಲಿಲ್ಲ. ಕರಗದೆ ಇರುವಂಥದ್ದು ಮಾಡುವುದೂ ಕಷ್ಟವಲ್ಲ. ಎರಡೂ ಒಂದರಲ್ಲೇ ಬೇಕು ಎಂಬುದು ಕಷ್ಟ. ಹಾಳೆ ಪ್ಯಾಕೆಟ್ಟಿನೊಳಗೆ ವಾರಗಟ್ಟಲೆ ಒದ್ದೆಯಾಗಿರಬೇಕು, ಕೈಯಲ್ಲಿ ಹಿಡಿದಾಗ ಹರಿಯಬಾರದು. ಅದೇ ಹಾಳೆ ಕಮೋಡಿನ ನೀರಿಗೆ ಬಿದ್ದರೆ ಬಿಡಿಬಿಡಿಯಾಗಬೇಕು. ಇಲ್ಲಿಯೂ ನೀರು, ಅಲ್ಲಿಯೂ ನೀರು. ಯಾವ ನೀರಿಗೆ ಹೆದರಬೇಕೆಂದು ಹಾಳೆಗೆ ಹೇಗೆ ಗೊತ್ತಾಗಬೇಕು?

ಸುಲೈಮಾನಾಕ ಹೇಳಿದರು: “ಅಂಥದ್ದು ನಿನ್ನ ಹತ್ತಿರ ಈಗಲೇ ಒಂದುಂಟಲ್ಲ. ನಾನು. ಅಂಗಡಿಯಲ್ಲಿ ಗಟ್ಟಿ, ಮನೆಗೆ ಬಂದ್ರೆ ನೀರು.”

“ನಿಮ್ಮಿಂದ ಒರೆಸ್ಲಿಕ್ಕೆ ಆಗುವುದಿಲ್ಲ. ಮೀಸೆ ಚುಚ್ಚುತ್ತದೆ,” ಎಂದರು ಜುಲೈಕಕ್ಕ.

ನಾನು ಪ್ರತಿಯೊಂದನ್ನೂ ನಂಬರು ಹಾಕಿ ಬರೆದಿಟ್ಟಿದ್ದೇನೆ. ಒಂದನೆಯದು ಅತಿ ತೆಳು ಅಕ್ಕಿ ರೊಟ್ಟಿಯನ್ನೇ ಒದ್ದೆ ಮಾಡಿದ್ದು. ಕೈಯಲ್ಲೇ ಗಂಜಿಯಾಯಿತು, ಇರುವೆಯೂ ಬಂತು. ಎರಡನೆಯದು ಸುಲೈಮಾನಾಕನ ಹಳೆಯ ಪಂಚೆಯ ತುಂಡು. ಅದು ಕರಗಲಿಲ್ಲ, ಪಂಚೆ ಹುಡುಕಿಕೊಂಡು ಸುಲೈಮಾನಾಕ ಬಂದರು. ಮೂರರಿಂದ ಐದರವರೆಗೆ ಹೋಟೆಲಿನ ಕೈಯೊರೆಸುವ ಕಾಗದ, ಗಂಜಿ ಹಾಕಿದ್ದು. ಆರನೆಯದರಿಂದ ನಮಗೆ ಸ್ವಲ್ಪ ಬುದ್ಧಿ ಬಂತು. ಆ ಕಾಗದವನ್ನು ನೀರಿನಲ್ಲಿ ನೆನೆಸಿ, ರೊಟ್ಟಿಯ ಅಕ್ಕಿ ಅರೆಯುವ ಗ್ರೈಂಡರಿನಲ್ಲಿ ಅರೆದು, ಬಟ್ಟೆಯ ಮೇಲೆ ತೆಳುವಾಗಿ ಹರಡಿ, ಕಾವಲಿಯ ಸಣ್ಣ ಬಿಸಿಗೆ ಒಣಗಿಸಿದೆವು. ನಾರು ಗಿಡ್ಡವಾದರೆ ಒಂದಕ್ಕೊಂದು ಸುತ್ತಿಕೊಂಡು ಹಗ್ಗವಾಗುವುದಿಲ್ಲ. ಇದು ಜುಲೈಕಕ್ಕ ಶೇಖರಣ್ಣನ ಆರೂವರೆ ಮೊಳ ನೋಡಿ ಕಲಿತದ್ದು. ಅಂಟಿಗೆ, ಜಸ್ನಾ ಕೇಕಿನ ಮೇಲೆ ಸಕ್ಕರೆಯ ಹೂ ಮಾಡಲೆಂದು ತಂದು ಬಿಟ್ಟುಹೋದ ಒಂದು ಡಬ್ಬಿ ಬಿಳಿ ಗೋಂದಿನ ಪುಡಿ ಇತ್ತು. ಅದನ್ನು ಹಾಕಿದೆವು.

ಗ್ರೈಂಡರನ್ನು ನಾನು ಮೂರು ಸಲ ತೊಳೆದಿದ್ದೆ. ಆದರೂ ಮರುದಿನ ಬಿ.ಸಿ.ರೋಡಿನ ಅಂಗಡಿಯ ಅಬ್ದುಲ್ ರಹಿಮಾನರ ಫೋನು ಬಂತು.

“ಜುಲೈಕಾ, ರೊಟ್ಟಿಗೆ ಸೆಂಟು ಹಾಕಿದ್ದಾ?”

“ಎಂತ ಸೆಂಟು?”

“ಗುಲಾಬಿ. ಗಿರಾಕಿ ಕೇಳಿದ, ಇದು ಕೋಳಿ ಸಾರಿಗಾ, ಮದುಮಗನಿಗಾ ಅಂತ.”

ಆ ಕಾಗದ ಸುವಾಸನೆಯದ್ದಾಗಿತ್ತು. ಅಂದಿನಿಂದ ಹಾಳೆಗೆ ಬೇರೆ ಮಿಕ್ಸಿ.

ಒಣಗಿದಾಗ ಒಂಬತ್ತನೇ ನಂಬರಿನ ಹಾಳೆ ಬಹಳ ಚಂದ ಇತ್ತು. ಒದ್ದೆ ಮಾಡಿದೊಡನೆ ಅದೂ ಲೋಳೆಯಾಯಿತು. ನೀರಿಗೆ ಮುಟ್ಟಿಸದ ನಲವತ್ತೊಂದು ಹಾಳೆಗಳು ಉಳಿದವು. ಅಷ್ಟರಲ್ಲಿ ಜೂನ್ ಬಂತು. ಫಾಝಿಲನ ಟಿಕೆಟ್ ಜುಲೈ ಹತ್ತಕ್ಕೆ ಆಗಿತ್ತು.

ಈಗ ಆ ಶಬ್ದ ಬರುತ್ತದೆ.

ಆ ದಿನ ನಾವು ಹಲಸಿನ ಸೊಳೆಯನ್ನು ಉಪ್ಪಿಗೆ ಹಾಕುತ್ತಿದ್ದೆವು. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಆದರೆ ಸಂಚಿಕೆ ದೂರ ಹೋದರೆ ಎಂದು ಬರೆಯುತ್ತೇನೆ. ಬಲಿತ ಸೊಳೆಯನ್ನು ಭರಣಿಯಲ್ಲಿ ಕಲ್ಲುಪ್ಪಿನೊಂದಿಗೆ ಹಾಕಿ ಮೇಲೆ ಕಲ್ಲು ಹೇರಿದರೆ, ಅದು ಉಪ್ಪುನೀರು ಬಿಟ್ಟುಕೊಂಡು ತಿಂಗಳುಗಟ್ಟಲೆ ಗಟ್ಟಿಯಾಗಿ ಉಳಿಯುತ್ತದೆ. ಹೀಗೆ ಉಪ್ಪಿಗೆ ಹಾಕಿದ್ದಕ್ಕೆ ತುಳುವಿನಲ್ಲಿ ‘ಉಪ್ಪಡ್’ ಎನ್ನುತ್ತಾರೆ. ‘ಇರಲಿ, ಬಿಡು’ ಎನ್ನಲಿಕ್ಕೂ ತುಳುವಿನಲ್ಲಿ ‘ಉಪ್ಪಡ್’ ಎಂದೇ ಹೇಳುತ್ತಾರೆ.

ನನ್ನ ಕೈ ಮೊಣಕೈವರೆಗೆ ಉಪ್ಪಿನಲ್ಲಿತ್ತು. ಜುಲೈಕಕ್ಕ ಒಳಗೆ ಫೋನಿನಲ್ಲಿದ್ದರು. ಒಂಬತ್ತನೇ ನಂಬರಿನ ಹಾಳೆಗಳು ಜಗಲಿಯಲ್ಲಿ ನನ್ನ ಪಕ್ಕದಲ್ಲೇ ಇದ್ದವು, ಮಳೆಯ ಎರಚಲು ಬರುತ್ತಿತ್ತು. ನಾನು ಕೇಳಿದೆ: “ಜುಲೈಕಕ್ಕಾ, ಈ ಹಾಳೆಗಳನ್ನು ಏನು ಮಾಡುವುದು?”

ಒಳಗಿನಿಂದ ಉತ್ತರ ಬಂತು: “ಉಪ್ಪಡ್!”

ಇನ್ನೊಮ್ಮೆ ಕೇಳಬಹುದಿತ್ತು. ನನಗೆ ಒಂದೇ ವಿಷಯವನ್ನು ಎರಡು ಸಲ ಕೇಳಲು ನಾಚಿಕೆ. ವಿಚಿತ್ರ ಅನಿಸಿತು ನಿಜ. ಆದರೆ ಅವರು ದೊಡ್ಡವರು, ಏನೋ ಲೆಕ್ಕಾಚಾರ ಇರಬಹುದು ಎಂದುಕೊಂಡೆ. ಒಂದು ಪದರ ಸೊಳೆ, ಒಂದು ಪದರ ಹಾಳೆ, ಮೇಲೆ ಒಂದು ಹಿಡಿ ಕಲ್ಲುಪ್ಪು. ಹೀಗೆ ನಲವತ್ತೊಂದು ಹಾಳೆಗಳನ್ನೂ ಅಂಚು ಮಡಚದಂತೆ ಜೋಡಿಸಿದೆ. ಮುಚ್ಚಳ ಹಾಕಿ, ಕಲ್ಲು ಇಟ್ಟು, ಭರಣಿಯ ಮೇಲೆ ತಾರೀಕು ಬರೆದೆ.

ಹನ್ನೆರಡನೇ ದಿನ ಪಲ್ಯಕ್ಕೆಂದು ಜುಲೈಕಕ್ಕ ಭರಣಿಗೆ ಕೈ ಹಾಕಿದರು. ಕೈಯಲ್ಲಿ ಹಾಳೆ ಬಂತು.

“ಯಾ ಅಲ್ಲಾ! ಇದೆಂತದು ಇದರೊಳಗೆ?”

“ನೀವೇ ಹೇಳಿದ್ದು, ಉಪ್ಪಡ್ ಅಂತ,” ಎಂದೆ. ನನ್ನ ಸ್ವರ ನನಗೇ ಕೇಳಿಸಲಿಲ್ಲ.

“ನಾನು ಹೇಳಿದ್ದು ಇರಲಿ ಬಿಡು ಅಂತ ಮಾರಾಯ್ತಿ! ಮಳೆಗೆ ಒದ್ದೆಯಾದ್ರೆ ಆಗ್ಲಿ ಅಂತ! ಕಾಗದಕ್ಕೆ ಯಾರಾದ್ರೂ ಉಪ್ಪು ಹಾಕ್ತಾರಾ? ನಾಳೆ ಪೇಪರ್ ಬಂದ್ರೆ ಅದಕ್ಕೂ ಹಾಕ್ತೀಯಾ?”

ಬೈಯುತ್ತ ಬೈಯುತ್ತ ಅವರು ಹಾಳೆಯನ್ನು ಹರಿದು ಎಸೆಯಲು ನೋಡಿದರು. ಹರಿಯಲಿಲ್ಲ. ಬೈಗುಳ ಅರ್ಧಕ್ಕೆ ನಿಂತಿತು. ಎರಡೂ ಕೈಯಿಂದ ಎಳೆದರು. ಹಾಳೆ ಸ್ವಲ್ಪ ಹಿಗ್ಗಿ, ಹಾಗೇ ನಿಂತಿತು. ಸುಲೈಮಾನಾಕನನ್ನು ಕರೆದರು. ಅವರು ಒಂದು ಬದಿ, ಇವರು ಒಂದು ಬದಿ ಹಿಡಿದು ನಡುವೆ ಒಂದು ಸುಲಿದ ತೆಂಗಿನಕಾಯಿ ಇಟ್ಟರು. ತೆಂಗಿನಕಾಯಿ ತೊಟ್ಟಿಲಲ್ಲಿ ಮಲಗಿದ ಹಾಗೆ ಮಲಗಿತು. ನಾನು ಗಡಿಯಾರ ನೋಡಿ ಬರೆದೆ: ಹನ್ನೊಂದು ಸೆಕೆಂಡ್. ಆಮೇಲೆ ಹರಿದು ಕಾಯಿ ಸುಲೈಮಾನಾಕನ ಕಾಲಿನ ಮೇಲೆ ಬಿತ್ತು. ಅವರು ಹೇಳಿದ್ದನ್ನು ಬರೆಯಲಿಲ್ಲ.

ನಾನು ಮಾಡಿದ ತಪ್ಪನ್ನು ಸರಿ ಮಾಡಬೇಕೆಂದು, ಉಳಿದ ಹಾಳೆಗಳಲ್ಲಿ ಹತ್ತನ್ನು ತೆಗೆದು ಬಕೆಟ್ಟಿನ ಒಳ್ಳೆಯ ನೀರಿಗೆ ಹಾಕಿದೆ. ಸೊಳೆಯ ಉಪ್ಪು ಬಿಡಿಸುವುದು ಹಾಗೆಯೇ ಅಲ್ಲವೇ. ಕೋಲಿನಿಂದ ಎರಡು ಸುತ್ತು ತಿರುಗಿಸಿ, ಕೋಳಿಗಳನ್ನು ಗೂಡಿನಿಂದ ಬಿಟ್ಟು ಬಂದು ನೋಡಿದರೆ ಬಕೆಟ್ಟಿನಲ್ಲಿ ಹಾಳೆಗಳಿಲ್ಲ. ಬೆಳ್ಳಗಿನ ತಿಳಿಗಂಜಿಯಂಥ ನೀರು ಮಾತ್ರ. ಕೈ ಹಾಕಿ ತಡಕಿದೆ. ಒಂದೂ ಸಿಗಲಿಲ್ಲ. ನನಗೆ ಅಳು ಬಂತು. ಗಟ್ಟಿಯಾದ ಹಾಳೆ ಐದು ತಿಂಗಳಲ್ಲಿ ಅದೊಂದೇ ಸಲ ಸಿಕ್ಕಿದ್ದು, ಅದರಲ್ಲಿ ಹತ್ತನ್ನು ನಾನು ಹಾಳು ಮಾಡಿದೆ ಎಂದುಕೊಂಡೆ.

ಅಳುತ್ತ ಹೋಗಿ ಹೇಳಿದೆ. ಜುಲೈಕಕ್ಕ ಓಡಿ ಬಂದರು. ಬಕೆಟ್ ನೋಡಿದರು. ನನ್ನನ್ನು ನೋಡಿದರು. ಅಂಗಳದ ಒದ್ದೆ ನೆಲದ ಮೇಲೆ ಹಾಗೇ ಕೂತು ನಗಲಿಕ್ಕೆ ಶುರು ಮಾಡಿದರು.

“ಅಳ್ಬೇಡ. ರೊಟ್ಟಿ ಆಯ್ತು,” ಎಂದರು. “ಸಾರು ಬಿತ್ತು, ಹಠ ಮಾಡ್ಲಿಲ್ಲ.”

ನಾನು ಅರ್ಥ ಮಾಡಿಕೊಂಡದ್ದು ಇಷ್ಟು: ಆ ಗೋಂದು ಉಪ್ಪುನೀರಿನಲ್ಲಿ ಕರಗುವುದಿಲ್ಲ, ನಾರನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಸಪ್ಪೆ ನೀರು ಹೆಚ್ಚು ಸಿಕ್ಕಿದೊಡನೆ ಕೈ ಬಿಡುತ್ತದೆ. ಯಾವ ನೀರಿಗೆ ಹೆದರಬೇಕೆಂದು ಹಾಳೆಗೆ ಉಪ್ಪು ಹೇಳುತ್ತದೆ.

ಉಳಿದದ್ದು ಉಪ್ಪಿನ ಪ್ರಮಾಣ. ಭರಣಿಯ ಹಾಳೆಯಿಂದ ಸುಲೈಮಾನಾಕನ ಮುಖ ಒರೆಸಿದೆವು. ಕ್ಷೌರ ಮಾಡಿಕೊಂಡು ಬಂದಿದ್ದರಂತೆ, ನಮಗೆ ಗೊತ್ತಿರಲಿಲ್ಲ. ಅವರು ಅಂಗಳಕ್ಕೆ ಎರಡು ಸುತ್ತು ಬಂದರು. “ಇದು ಮಗುವಿಗಲ್ಲ, ಮೀನಿಗೆ,” ಎಂದರು. ನಾನು ಚಮಚ ಚಮಚವಾಗಿ ಕಡಿಮೆ ಮಾಡುತ್ತ ಬಂದೆ. ಒಂದು ಲೀಟರ್ ಕುದಿಸಿ ಆರಿದ ನೀರಿಗೆ ಎರಡು ಚಮಚ ಹಾಕಿದರೆ ಹಾಳೆ ಹರಿಯುತ್ತದೆ, ಮೂರು ಹಾಕಿದರೆ ಸುಲೈಮಾನಾಕ ಕಣ್ಣು ಮುಚ್ಚುತ್ತಾರೆ. ಎರಡೂವರೆಗೆ ಎರಡೂ ಇಲ್ಲ. ಸ್ವಲ್ಪ ಲೋಳೆಸರದ ತಿರುಳು ಸೇರಿಸಿದೆವು. ಹಲಸಿನ ವಾಸನೆಯನ್ನು ಮಾತ್ರ ತೆಗೆಯಲು ಆಗಲಿಲ್ಲ, ಏಕೆಂದರೆ ಭರಣಿ ಅದೇ.

ಆದರೆ ಶೇಖರಣ್ಣ ಒಪ್ಪದೆ ಇದನ್ನು ಮಗುವಿನ ಕೈಗೆ ಕೊಡುವಂತಿರಲಿಲ್ಲ. ಹೊಂಡ ಕಟ್ಟಿದರೆ ಅವನು ಬರುವುದಿಲ್ಲವೆಂದು ಆಣೆ ಹಾಕಿದ್ದ. ಜುಲೈ ನಾಲ್ಕರಂದು ನಾವಿಬ್ಬರೂ ಬಸ್ಸಿನಲ್ಲಿ ಲಾಯಿಲಕ್ಕೆ ಹೋದೆವು. ಶೇಖರಣ್ಣ ಲಾರಿ ತೊಳೆಯುತ್ತಿದ್ದ.

“ಅಕ್ಕಾ, ಪುನಃ ಸೀರೆ ತಂದ್ರಾ?”

“ನಿನ್ನ ಬಕೆಟು ತಾ. ನಿನ್ನದೇ ನೀರು, ನಿನ್ನದೇ ಕೋಲು. ಅರ್ಧ ಗಂಟೆ. ಆಮೇಲೆ ಮಾತಾಡು.”

ಅವನು ಒಂದು ಬಕೆಟ್ಟಿಗೆ ನಮ್ಮ ಐದು ಹಾಳೆ, ಇನ್ನೊಂದಕ್ಕೆ ನಾವು ಜೊತೆಗೆ ತಂದಿದ್ದ ಅಂಗಡಿಯ ಪ್ಯಾಕೆಟ್ಟಿನ ಐದು ಹಾಳೆ ಹಾಕಿದ. ಹಾಕುವ ಮೊದಲು ನಮ್ಮದನ್ನು ಎಳೆದು ನೋಡಿದ, ಮೂಸಿ ನೋಡಿದ.

“ಇದಕ್ಕೆ ಹಲಸಿನ ಪರಿಮಳ ಉಂಟಲ್ಲ. ಒರೆಸ್ಲಿಕ್ಕಾ, ತಿನ್ಲಿಕ್ಕಾ?”

ಪಕ್ಕದ ಗ್ಯಾರೇಜಿನವರು, ಬಸ್ಸಿಗೆ ಕಾಯುತ್ತಿದ್ದವರು ಎಲ್ಲ ಸೇರಿದರು. ನಾನು ಲಾರಿಯ ಹಿಂದೆ ನಿಂತೆ. ಅರ್ಧ ಗಂಟೆಯಾದ ಮೇಲೆ ಶೇಖರಣ್ಣ ಅಂಗಡಿಯದ್ದನ್ನು ಎತ್ತಿದ. ಐದಕ್ಕೆ ಐದೂ ಬಂದವು. ಅದರಲ್ಲಿ ಒಂದನ್ನು ಹಿಂಡಿ ಲಾರಿಯ ಕನ್ನಡಿ ಒರೆಸಿದ. ನಮ್ಮದಕ್ಕೆ ಕೋಲು ಹಾಕಿ ತಿರುಗಿಸಿದ. ಏನೂ ಇಲ್ಲ. ಇನ್ನೊಮ್ಮೆ ತಿರುಗಿಸಿದ. ಕೋಲಿನ ತುದಿಗೆ ಹಳದಿಯಾದದ್ದೊಂದು ಸಿಕ್ಕಿಬಂತು.

“ಇಕ್ಕೊಳ್ಳಿ! ಇದೆಂತ? ಉಳಿದಿದೆ!”

ಜುಲೈಕಕ್ಕನ ಮುಖ ಬಿಳುಚಿಕೊಂಡಿತು. ಆರು ದಿನದಲ್ಲಿ ಮಗು ಬರುವುದಿತ್ತು. ನಾನು ಲಾರಿಯ ಹಿಂದಿನಿಂದ ಹೇಳಿದೆ: “ಅದು ಹಾಳೆಯಲ್ಲ. ಹಲಸಿನ ನಾರು.”

ಎಲ್ಲರೂ ತಿರುಗಿ ನೋಡಿದರು. “ಭರಣಿಯದ್ದು,” ಎಂದು ಸೇರಿಸಿದೆ. ಅಷ್ಟು ಜನರ ಎದುರು ನಾನು ಮಾತಾಡಿದ್ದು ಅಷ್ಟೇ, ಐದು ನಿಮಿಷ ಆಗಿರಲಿಕ್ಕಿಲ್ಲ.

ಶೇಖರಣ್ಣ ನಾರನ್ನು ಬೆರಳಿಗೆ ತೆಗೆದುಕೊಂಡ, ಮೂಸಿದ, ಎಳೆದ. “ಹಲಸಿಂದೇ,” ಎಂದ. “ಹಲಸು ನನ್ನ ಮೋಟಾರಿಗೆ ಅಭ್ಯಾಸ ಉಂಟು. ನಮ್ಮ ಊರಿನ ಹೊಂಡ ಅಲ್ವಾ. ಆಗ್ಬಹುದು ಅಕ್ಕಾ, ಆಣೆ ಹಿಂದೆ ತೆಗೊಂಡೆ.”

ಜುಲೈ ಹತ್ತಕ್ಕೆ ಫಾಝಿಲ್, ಜಸ್ನಾ, ಮಿನ್ಹಾ ಬಂದರು. ಎರಡು ದಿನ ನೋಡುವ ಎಂದು ಜಸ್ನಾ ಒಪ್ಪಿದ್ದಳು. ದೊಡ್ಡ ಬ್ಯಾಗನ್ನು ಬಿಚ್ಚಲಿಲ್ಲ, ಬಾಗಿಲ ಹತ್ತಿರವೇ ಇಟ್ಟಳು. ಮಿನ್ಹಾ ಮೊದಲ ಸಲ ಕಕ್ಕಸಿಗೆ ಹೋದಾಗ ನಾವೆಲ್ಲ ಹೊರಗೆ ನಿಂತಿದ್ದೆವು. ಫ್ಲಶ್ಶಿನ ಸದ್ದು ಕೇಳಿತು. “ಟಾಟಾ” ಕೇಳಲಿಲ್ಲ. ಬದಲಿಗೆ ಒಂದು ಕೂಗು.

“ಅಜ್ಜೀ! ವೈಪಿ ಎಲ್ಲಿ?”

ಅವಳು ಟಾಟಾ ಹೇಳುವ ಮೊದಲೇ ಅದು ಹೋಗಿಬಿಟ್ಟಿತ್ತು. ಅಳುತ್ತಾಳೆಂದು ಜುಲೈಕಕ್ಕ ಹೆದರಿದರು. ಮಗು ಹೊರಗೆ ಬಂದು, “ಇನ್ನೊಂದು ಕೊಡಿ, ಈಗ ಬೇಗ ಹೇಳ್ತೇನೆ,” ಎಂದಿತು. ಆ ಸಂಜೆಯೊಳಗೆ ಅವಳು ಹದಿನೇಳು ಹಾಳೆ ಖರ್ಚು ಮಾಡಿದಳು. ಟಾಟಾ ಹೇಳುವುದು ಮೊದಲೋ, ಹಾಳೆ ಹೋಗುವುದು ಮೊದಲೋ ಎಂದು ಪಂದ್ಯ. ಕೊನೆಗೆ ಸುಲೈಮಾನಾಕನೂ ಬಾಗಿಲಲ್ಲಿ ನಿಂತು ಪಂದ್ಯಕ್ಕೆ ಸೇರಿದರು.

ಎರಡನೇ ದಿನ ಮಧ್ಯಾಹ್ನ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಹೋದ ವರ್ಷ ಕಟ್ಟಿದ್ದು ಆ ಹೊತ್ತಿಗೇ. ಜುಲೈಕಕ್ಕ ಹೋಗಿ ಒಮ್ಮೆ ಫ್ಲಶ್ ಒತ್ತಿ ಕಿವಿಗೊಟ್ಟರು, ರೊಟ್ಟಿ ಮುರಿದು ಕೇಳುವ ಹಾಗೆ. ನೀರು ಗುಳುಗುಳು ಎಂದು ಇಳಿದು ಹೋಯಿತು. “ಸದ್ದು ಸರಿ ಉಂಟು,” ಎಂದರು. ಮೂರು ಗಂಟೆಗೆ ರಸ್ತೆಯಲ್ಲಿ ಹಳದಿ ಲಾರಿ ನಿಂತಿತು. ಶೇಖರಣ್ಣ ಕಿಟಕಿಯಿಂದ ತಲೆ ಹಾಕಿ ಕೂಗಿದ: “ಅಕ್ಕಾ, ಬರ್ಲಿಕ್ಕೆ ಉಂಟಾ?”

“ಇಲ್ಲ ಮಾರಾಯ! ಚಾಕ್ಕೆ ಬೇಕಾದ್ರೆ ಬಾ!”

ಅವನು ಚಹಾ ಕುಡಿಯಲು ಬಂದ. ಹೊಂಡಕ್ಕೂ ಒಂದು ಸಲ ಇಣುಕಿ ನೋಡಿ ತಲೆ ಅಲ್ಲಾಡಿಸಿ ಹೋದ.

ಏಳನೇ ದಿನ ಬೆಳಿಗ್ಗೆ ಜಸ್ನಾ ದೊಡ್ಡ ಬ್ಯಾಗನ್ನು ಎತ್ತಿಕೊಂಡು ಬರುವುದನ್ನು ನಾವು ಅಡುಗೆಮನೆಯಿಂದ ಕಂಡೆವು. ಜುಲೈಕಕ್ಕನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಜಸ್ನಾ ಹತ್ತಿರ ಬಂದು ಬ್ಯಾಗು ಇಳಿಸಿದಳು. ಬ್ಯಾಗು ನೆಲಕ್ಕೆ ತಾಗಿದಾಗ ಖಾಲಿ ಸದ್ದು ಬಂತು.

“ಮಾಮಿ, ಇದನ್ನು ಅಟ್ಟಕ್ಕೆ ಹಾಕ್ಲಾ? ನಡೆಯುವಾಗ ಕಾಲಿಗೆ ತಾಗ್ತದೆ.”

“ಉಪ್ಪಡ್,” ಎಂದರು ಜುಲೈಕಕ್ಕ. ಕೂಡಲೇ ನನ್ನ ಕಡೆ ತಿರುಗಿ, “ರಮ್ಯಶ್ರೀ, ನೀನು ಅದಕ್ಕೆ ಉಪ್ಪು ಹಾಕ್ಬೇಡ. ಅಟ್ಟಕ್ಕೆ ಹಾಕು,” ಎಂದರು.

ನಾನೇ ಏಣಿ ಹತ್ತಿ ಬ್ಯಾಗನ್ನು ಅಟ್ಟಕ್ಕೆ ಹಾಕಿದೆ.

ಇದನ್ನು ಬರೆಯುವಾಗ ಅವರೆಲ್ಲ ಇನ್ನೂ ಇಲ್ಲೇ ಇದ್ದಾರೆ, ಆಗಸ್ಟ್ ಇಪ್ಪತ್ತಾರರವರೆಗೆ ಇರುತ್ತಾರೆ. ಬಾತುಕೋಳಿಯ ದಿಂಬಿನ ಒಂದು ಮೂಲೆ ಬಿಚ್ಚಿದೆ, ಹೊಲಿಯಬೇಕು. ವೈಪ್ಸ್‌ಗೆ ಸುಲೈಮಾನಾಕ ‘ಉಪ್ಪಡ್ ವೈಪ್ಸ್’ ಎಂದು ಹೆಸರಿಟ್ಟಿದ್ದಾರೆ. ಮೂಡುಬಿದಿರೆಯಿಂದ ಜಸ್ನಾಳ ತಾಯಿ ಬಂದವರು ಹತ್ತು ಹಾಳೆ ಕೇಳಿ ಕೊಂಡುಹೋದರು, ಅವರಲ್ಲಿ ದೊಡ್ಡ ಪೈಪು ಇದ್ದರೂ. ಭರಣಿಯಲ್ಲಿ ಈಗ ಒಂಬತ್ತು ಹಾಳೆ ಉಳಿದಿವೆ. ಮಿನ್ಹಾಳಿಗೆ ಅದು ಒಂದು ದಿನಕ್ಕೆ ಸಾಲದು.

ನಾಳೆ ಬೆಳಿಗ್ಗೆ ಏಳು ಗಂಟೆಗೆ ನಾನು ಹೋಗಿ, ಎರಡೂವರೆ ಚಮಚ ಉಪ್ಪು ಅಳೆದು, ಮೂವತ್ತು ಹಾಳೆಗಳನ್ನು ಭರಣಿಗೆ ಹಾಕುತ್ತೇನೆ.